ಹಳೇ ಲೇತ್‌ನ ಹೆಡ್‌ಸ್ಟಾಕ್ ಬಿಸಿ ಯಾಕಾಗ್ತಿತ್ತು ಅಂದರೆ...

ಪೀಣ್ಯದ ಶೆಡ್ ಒಂದರಿಂದ ತಂದ ಹಳೇ ಬೆಲ್ಟ್ ಲೇತ್, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ. ಇಪ್ಪತ್ತು ನಿಮಿಷ ಓಡಿದರೆ ಸಾಕು, ಹೆಡ್‌ಸ್ಟಾಕ್ (ತಿರುಗುವ ದಂಡ, ಅಂದರೆ ಸ್ಪಿಂಡಲ್, ಕೂರುವ ಭಾಗ) ಮೇಲೆ ಕೈ ಇಡಲು ಆಗುತ್ತಿರಲಿಲ್ಲ. ಬೇರಿಂಗ್ ಹೋಗಿದೆ ಅಂತ ಎಲ್ಲರದೂ ಒಂದೇ ಮಾತು. ಸ್ಪಿಂಡಲ್ ಬಿಚ್ಚಿದರೆ ಬೇರಿಂಗ್ ಚೆನ್ನಾಗಿಯೇ ಇತ್ತು, ಆದರೆ ಎಣ್ಣೆ ಹಾಕಬೇಕಾದ ಕಪ್ಪಿಗೆ ಯಾರೋ ಪುಣ್ಯಾತ್ಮ ಗ್ರೀಸ್ ತುಂಬಿ, ಅದು ಒಣಗಿ ಮೇಣದಂತಾಗಿ, ಕೆಳಗಿನಿಂದ ಎಣ್ಣೆ ಹೀರಿ ಸ್ಪಿಂಡಲ್‌ಗೆ ಸವರುವ ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ಬತ್ತಿ ಚಪ್ಪಲಿ ಅಟ್ಟೆಯಷ್ಟು ಗಟ್ಟಿಯಾಗಿತ್ತು.

ಸೀಮೆಎಣ್ಣೆ ತುಂಬಿ ಒಂದು ರಾತ್ರಿ ಬಿಟ್ಟೆ. ಆಮೇಲೆ ತಾಮ್ರದ ತಂತಿಯಿಂದ ಎಣ್ಣೆ ಹೋಗುವ ತೂತು ಬಿಡಿಸಿದೆ. ಏರ್ ಹೊಡೆಯಲಿಲ್ಲ, ಕಬ್ಬಿಣದ ಪುಡಿ ಇನ್ನೂ ಒಳಗೆ ಹೋಗಿ ಕೂರುತ್ತದೆ ಅಲ್ವಾ. ಹೊಸ ಬತ್ತಿಗೆ ಉಣ್ಣೆಯ ಫೆಲ್ಟೇ ತಂದು ಎಣ್ಣೆಯಲ್ಲಿ ಚೆನ್ನಾಗಿ ನೆನೆಸಿದೆ. ಸ್ಪಿಂಡಲ್ ವಾಪಸ್ ಹಾಕುವಾಗ ಜೋಪಾನ: ಕೆಳಗಿನ ಸ್ಪ್ರಿಂಗ್ ಬತ್ತಿಯನ್ನು ಮೇಲಕ್ಕೆ ತಳ್ಳುತ್ತಿರುತ್ತದೆ, ಬತ್ತಿಯನ್ನು ಒತ್ತಿ ಹಿಡಿಯದಿದ್ದರೆ ಅದು ಕತ್ತರಿಸಿ ಹೋಗುತ್ತದೆ. ನನ್ನದು ಒಂದು ಹೋಯಿತು.

ಟೂಲ್ ಹೊತ್ತು ಬೆಡ್ ಮೇಲೆ ಜಾರುವ ಸ್ಯಾಡಲ್‌ಗೆ ಇರುವ, ಪುಡಿ ಒರೆಸುವ ವೈಪರ್ ಫೆಲ್ಟ್‌ಗಳನ್ನೂ ಬದಲಿಸಿದೆ. ಸ್ಪಿಂಡಲ್‌ಗೆ ತೆಳುವಾದ 22 ಗ್ರೇಡ್ ಎಣ್ಣೆ, ಬೆಡ್‌ಗೆ ಅದಕ್ಕಿಂತ ಮಂದವಾದ 68ರ ಸ್ಲೈಡ್‌ವೇ ಆಯಿಲ್. ಬೈಕಿನ ಇಂಜಿನ್ ಆಯಿಲ್ ಮಿಕ್ಕಿದೆ ಅಂತ ಸುಮ್ನೆ ಸುರಿಯಬೇಡಿ. ಈಗ ಒಂದು ಗಂಟೆ ಓಡಿಸಿದರೂ ಬೆಚ್ಚಗಾಗುತ್ತದೆ, ಅಷ್ಟೇ.