ಹಳೆ ಕಂಪ್ಯೂಟರ್‌ನಲ್ಲಿ ಹಾಡು ರೆಕಾರ್ಡಿಂಗ್: ಕರಕರ ಸದ್ದಿನ ಮೂಲ ಹುಡುಕುವುದು ಹೇಗೆ?

ಕಲಬುರಗಿ, ಆಳಂದ, ಜೇವರ್ಗಿ, ಚಿಂಚೋಳಿ ಕಡೆ ಭಜನಾ ಮೇಳದ ಹಾಡನ್ನು ಮನೆಯಲ್ಲೇ ರೆಕಾರ್ಡ್ ಮಾಡುವ ಹುಡುಗರು ಬೇಕಾದಷ್ಟಿದ್ದಾರೆ. ಯಾರೋ ಬಳಸಿ ಬಿಟ್ಟ ಹಳೆ ಕಂಪ್ಯೂಟರ್, ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಒಂದು ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಡಬ್ಬಿ, ಎರಡು ಮೈಕ್. ಇಷ್ಟಿದ್ದರೆ ಕೆಲಸ ಶುರು. ತೊಂದರೆ ಬರುವುದು ಹಾಡು ರಂಗೇರಿದಾಗ. ನಡುವೆ ಟಕ್ ಎನ್ನುತ್ತದೆ, ಕರಕರ ಎನ್ನುತ್ತದೆ, ಒಂದು ಕ್ಷಣ ಧ್ವನಿಯೇ ಹೋಗಿಬಿಡುತ್ತದೆ.

ಅಂಗಡಿಗೆ ಹೊತ್ತೊಯ್ದರೆ ಬಹಳ ಸಲ ಸಿಗುವ ಉತ್ತರ ಒಂದೇ: ‘ಸಿಸ್ಟಮ್ ಹಳೇದಾಗ್ಯದ್ರಿ, ಹೊಸಾದು ತಗೊಂಡ್‌ಬಿಡ್ರಿ.’ ದುಡ್ಡು ತೆಗೆಯುವ ಮುಂಚೆ ಸ್ವಲ್ಪ ತಡೆಯಿರಿ. ಎರಡು ಅಥವಾ ನಾಲ್ಕು ಮೈಕಿನ ಧ್ವನಿ ಬರೆದಿಟ್ಟುಕೊಳ್ಳುವುದು ಕಂಪ್ಯೂಟರ್‌ಗೆ ಭಾರದ ಕೆಲಸವೇ ಅಲ್ಲ. ಹತ್ತು ವರ್ಷ ಹಳೆಯ ಯಂತ್ರವೂ ಅದನ್ನು ಸಲೀಸಾಗಿ ಮಾಡುತ್ತದೆ. ಕರಕರ ಬರುವುದು ಹೆಚ್ಚಾಗಿ ವೇಗ ಸಾಲದೆ ಅಲ್ಲ, ಕೆಲಸ ಹೊತ್ತಿಗೆ ಸರಿಯಾಗಿ ಆಗದೆ. ಹೊತ್ತು ತಪ್ಪಿಸುತ್ತಿರುವುದು ಯಾರು ಎಂದು ಹುಡುಕಬೇಕು. ಹುಡುಕುವುದಕ್ಕೆ ಒಂದು ಕ್ರಮವಿದೆ.

ಈ ಶ್ರಮ ಯಾಕೆ ಅಂದರೆ, ಮೇಳದ ಹಿರಿಯರಲ್ಲಿ ಎಷ್ಟೋ ಜನ ಎಪ್ಪತ್ತು ದಾಟಿದವರು. ದಮ್ಮು ಕಟ್ಟಿ ಹಾಡಿದ ತತ್ವಪದವನ್ನು ‘ಇನ್ನೊಮ್ಮೆ ಹಾಡ್ರಿ ಅಜ್ಜಾರ’ ಎಂದು ಕೇಳುವುದು ಸುಲಭವಲ್ಲ. ಕೇಳಿದರೂ, ಅವರು ಹಾಡಿದರೂ, ಅದೇ ಹಾಡು ಮತ್ತೆ ಬರುವುದಿಲ್ಲ.

ಕೈ ಹಾಕುವ ಮುಂಚೆ

ಇಲ್ಲಿಯವರೆಗೆ ಮಾಡಿದ ರೆಕಾರ್ಡಿಂಗ್ ಎಲ್ಲವನ್ನೂ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಆಮೇಲೆ ಒಂದು ನೋಟ್‌ಬುಕ್ ಹಿಡಿಯಿರಿ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಬರೆದಿಡಿ, ಕೇಳಿ ನೋಡಿ. ನಾಲ್ಕು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದರೆ ತೊಂದರೆ ಹೋದರೂ ಯಾವುದರಿಂದ ಹೋಯಿತು ಎಂದು ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಅದು ಮತ್ತೆ ಬಂದಾಗ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಸದ್ದು ಫೈಲ್‌ನಲ್ಲಿದೆಯೋ, ಕೇಳುವಾಗ ಮಾತ್ರವೋ?

ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು. ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಕರಕರ ಬಂದ ಜಾಗವನ್ನು ಗುರುತು ಮಾಡಿಕೊಂಡು ಎರಡು ಮೂರು ಸಲ ಪ್ಲೇ ಮಾಡಿ. ಪ್ರತಿ ಸಲ ಅದೇ ಜಾಗದಲ್ಲಿ ಬಂದರೆ ಸದ್ದು ಫೈಲ್‌ನೊಳಗೆ ಕೂತಿದೆ, ಅಂದರೆ ರೆಕಾರ್ಡ್ ಆಗುವಾಗಲೇ ತಪ್ಪಿದೆ. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಬಂದರೆ ರೆಕಾರ್ಡಿಂಗ್ ಸರಿಯಾಗಿಯೇ ಇದೆ, ಕೇಳಿಸುವಾಗ ಕಂಪ್ಯೂಟರ್ ಎಡವುತ್ತಿದೆ. ಅನುಮಾನ ಉಳಿದರೆ ಹಾಡನ್ನು ವೇವ್ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿ ಮೊಬೈಲ್‌ನಲ್ಲಿ ಕೇಳಿ. ಅಲ್ಲಿ ಸ್ವಚ್ಛವಾಗಿದ್ದರೆ ಅಜ್ಜನನ್ನು ಮತ್ತೆ ಹಾಡಿಸುವ ಅಗತ್ಯವಿಲ್ಲ.

ಕಿವಿಗೊಟ್ಟು ಸದ್ದಿನ ಜಾತಿ ಗುರುತಿಸಿ

ಎಲ್ಲ ಸದ್ದಿಗೂ ಒಂದೇ ಔಷಧವಿಲ್ಲ. ತಬಲಾದ ಪೆಟ್ಟಿಗೋ ತಾಳದ ಹೊಡೆತಕ್ಕೋ ಸರಿಯಾಗಿ ಧ್ವನಿ ಒಡೆದರೆ ಅದು ಕಂಪ್ಯೂಟರ್ ತಪ್ಪಲ್ಲ, ಗೇನ್, ಅಂದರೆ ಮೈಕಿನ ಧ್ವನಿಯನ್ನು ಹಿಗ್ಗಿಸುವ ಪ್ರಮಾಣ, ಜಾಸ್ತಿಯಾಗಿದೆ. ತಾಳದ ಸದ್ದು ಮೀಟರ್‌ನಲ್ಲಿ ಕಣ್ಣಿಗೆ ಕಾಣುವ ಮೊದಲೇ ಮೇಲೆ ಹಾರಿ ಇಳಿದಿರುತ್ತದೆ. ಅತಿ ಜೋರಿನ ಪೆಟ್ಟೂ ಮೈನಸ್ 12 ಡೆಸಿಬಲ್ ಹತ್ತಿರ ನಿಲ್ಲುವಂತೆ ಗೇನ್ ಇಳಿಸಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುತ್ತಿದ್ದರೆ ಸಣ್ಣಗೆ ಬಂದ ಧ್ವನಿಯನ್ನು ಆಮೇಲೆ ಏರಿಸಬಹುದು. ಒಡೆದ ಧ್ವನಿಯನ್ನು ಮೊದಲಿನಂತೆ ಮಾಡಲಾಗದು.

ವೈರ್ ಅಲುಗಾಡಿಸಿದಾಗ ಕರಕರ ಬಂದರೆ ಕೇಬಲ್ ಅಥವಾ ಅದರ ಬೆಸುಗೆ ಹೋಗಿದೆ. ಗುಂಯ್ ಎಂದು ಎಡೆಬಿಡದೆ ಕೇಳಿದರೆ ಕರೆಂಟಿನ ಅರ್ಥಿಂಗ್ ನೋಡಬೇಕು, ಅದನ್ನು ಮುಂದೆ ಹೇಳುತ್ತೇನೆ. ಲೆಕ್ಕ ಹಾಕಿದಂತೆ ಸಮ ಅಂತರದಲ್ಲಿ ಟಿಕ್ ಟಿಕ್ ಬಂದರೆ ಎರಡು ಸಾಧನಗಳ ಒಳಗಿನ ಗಡಿಯಾರ ಒಂದಕ್ಕೊಂದು ಹೊಂದುತ್ತಿಲ್ಲ. ಮೈಕ್ ಇಂಟರ್‌ಫೇಸ್‌ನಲ್ಲಿ, ಹೆಡ್‌ಫೋನ್ ಮಾತ್ರ ಕಂಪ್ಯೂಟರ್‌ನ ಹಸಿರು ತೂತಿನಲ್ಲಿ ಇದ್ದರೆ ಹೀಗಾಗುತ್ತದೆ. ಎರಡನ್ನೂ ಇಂಟರ್‌ಫೇಸ್‌ಗೇ ಹಾಕಿ. ಸ್ಯಾಂಪಲ್ ರೇಟ್ (ಸೆಕೆಂಡಿಗೆ ಧ್ವನಿಯನ್ನು ಎಷ್ಟು ಸಲ ಅಳೆಯುತ್ತದೆ ಎಂಬ ಲೆಕ್ಕ) ಕೂಡ ವಿಂಡೋಸ್, ಇಂಟರ್‌ಫೇಸ್, ರೆಕಾರ್ಡಿಂಗ್ ಸಾಫ್ಟ್‌ವೇರ್ ಮೂರರಲ್ಲೂ ಒಂದೇ ಇರಲಿ. 44,100 ಆದರೆ ಮೂರೂ 44,100, ಇಲ್ಲವೇ ಮೂರೂ 48,000. 48,000ದಲ್ಲಿ ತುಂಬಿದ ಹಾಡನ್ನು 44,100ರಲ್ಲಿ ನುಡಿಸಿದರೆ ಹಾಡು ನಿಧಾನವಾಗಿ, ಶ್ರುತಿ ಇಳಿದು ಕೇಳಿಸುತ್ತದೆ. ಹಾರ್ಮೋನಿಯಂ ಹಿಡಿದು ನೋಡಿದರೆ ಕೂಡಲೇ ಗೊತ್ತಾಗುತ್ತದೆ.

ಇವ್ಯಾವೂ ಅಲ್ಲದೆ, ಹೊತ್ತು ಗೊತ್ತಿಲ್ಲದೆ ಎಲ್ಲೆಂದರಲ್ಲಿ ಪಟಪಟ ಎನ್ನುತ್ತದೆಯೇ? ಹಾಗಾದರೆ ಬಫರ್ ಮತ್ತು ಡ್ರೈವರ್ (ಸಾಧನವನ್ನು ವಿಂಡೋಸ್ ಜೊತೆ ಮಾತಾಡಿಸುವ ತಂತ್ರಾಂಶ) ಕಡೆ ಬನ್ನಿ.

ಬಫರ್ ಎಂಬ ಟ್ಯಾಂಕ್

ನಲ್ಲಿ ನೀರು ದಿನಾ ಬರದ ನಮ್ಮ ಊರಲ್ಲಿ ಮಾಳಿಗೆ ಮೇಲಿನ ಟ್ಯಾಂಕ್ ಏನು ಕೆಲಸ ಮಾಡುತ್ತದೋ, ಧ್ವನಿಯನ್ನು ಸ್ವಲ್ಪ ಹೊತ್ತು ಕೂಡಿಡುವ ಬಫರ್ ಅದನ್ನೇ ಮಾಡುತ್ತದೆ. ಹೊರಗೆ ಪೂರೈಕೆ ನಿಂತು ನಿಂತು ಬಂದರೂ ಒಳಗೆ ಧಾರೆ ಕಡಿಯಬಾರದು. ಟ್ಯಾಂಕ್ ಸಣ್ಣದಾದರೆ ಬೇಗ ಬರಿದಾಗುತ್ತದೆ. ಆಗ ಕೇಳುವುದೇ ಆ ಪಟಪಟ.

ಲೆಕ್ಕ ಸರಳ. 48,000 ಸ್ಯಾಂಪಲ್ ರೇಟ್‌ನಲ್ಲಿ 128 ಸ್ಯಾಂಪಲ್‌ಗಳ ಬಫರ್ ಅಂದರೆ ಸುಮಾರು 2.7 ಮಿಲಿಸೆಕೆಂಡ್. ಅಷ್ಟರೊಳಗೆ ಕಂಪ್ಯೂಟರ್ ಪ್ರತಿ ಸಲ ತನ್ನ ಪಾಲಿನ ಕೆಲಸ ಮುಗಿಸಲೇಬೇಕು. 512 ಇಟ್ಟರೆ 10.7 ಮಿಲಿಸೆಕೆಂಡ್, 1024 ಇಟ್ಟರೆ 21.3 ಮಿಲಿಸೆಕೆಂಡ್ ಸಿಗುತ್ತದೆ. ಹಳೆ ಯಂತ್ರಕ್ಕೆ ಇದು ದೊಡ್ಡ ಉಸಿರು.

ಬಫರ್ ದೊಡ್ಡದಾದರೆ ಹಾಡಿದವರ ಧ್ವನಿ ಹೆಡ್‌ಫೋನ್‌ಗೆ ತಡವಾಗಿ ಬರುತ್ತದೆ ಅಲ್ವಾ? ಬರುತ್ತದೆ. ಅದಕ್ಕೇ ಇಂಟರ್‌ಫೇಸ್‌ನಲ್ಲಿ ಡೈರೆಕ್ಟ್ ಮಾನಿಟರ್ ಎಂಬ ಬಟನ್ ಇರುತ್ತದೆ. ಅದನ್ನು ಒತ್ತಿದರೆ ಮೈಕಿನ ಧ್ವನಿ ಕಂಪ್ಯೂಟರ್ ಸುತ್ತದೆ ನೇರವಾಗಿ ಕಿವಿಗೆ ಬರುತ್ತದೆ. ಸಾಫ್ಟ್‌ವೇರ್ ಒಳಗಿನ ಮಾನಿಟರಿಂಗ್ ಆಫ್ ಮಾಡಿ, ಇಲ್ಲದಿದ್ದರೆ ಧ್ವನಿ ಎರಡೆರಡು ಕೇಳುತ್ತದೆ. ಮೇಳದವರೆಲ್ಲ ಎದುರುಬದುರು ಕೂತು ಹಾಡುವಾಗ ಹೆಡ್‌ಫೋನ್ ಹಾಕುವವರೇ ಕಡಿಮೆ. ಅಂಥ ರೆಕಾರ್ಡಿಂಗ್‌ಗೆ 1024 ಇಟ್ಟು ಮರೆತುಬಿಡಿ. ಸಣ್ಣ ಬಫರ್ ಬೇಕಾಗುವುದು ಕಂಪ್ಯೂಟರ್ ಒಳಗಿನ ವಾದ್ಯವನ್ನು ಕೀಬೋರ್ಡ್‌ನಿಂದ ನುಡಿಸುವವರಿಗೆ. ಎಲ್ಲೋ ನೋಡಿದ ವಿಡಿಯೊದಲ್ಲಿ 64 ಇಡಿ ಎಂದರು ಅಂತ ಸುಮ್ನೆ 64 ಇಡಬೇಡಿ.

ಡ್ರೈವರ್ ವಿಷಯಕ್ಕೆ, ನಿಮ್ಮ ಇಂಟರ್‌ಫೇಸ್ ತಯಾರಿಸಿದವರೇ ಕೊಟ್ಟ ಎಎಸ್‌ಐಒ (ಧ್ವನಿ ತಡವಾಗದಂತೆ ಸಾಗಿಸುವ) ಡ್ರೈವರ್ ಹಾಕಿ. ಅದು ಇಲ್ಲದಿದ್ದರೆ ಮಾತ್ರ ಎಎಸ್‌ಐಒ4ಆಲ್.

ಅಡ್ಡ ಬರುತ್ತಿರುವುದು ಯಾರು?

ಬಫರ್ 1024 ಇಟ್ಟರೂ ಕರಕರ ನಿಲ್ಲದಿದ್ದರೆ ಯಾವುದೋ ಡ್ರೈವರ್ ಪ್ರೊಸೆಸರನ್ನು ತಡೆದು ಕೂರುತ್ತಿರಬಹುದು. ಅದನ್ನು ಹಿಡಿಯಲು ಲೇಟೆನ್ಸಿಮಾನ್ ಎಂಬ ತಂತ್ರಾಂಶವಿದೆ, ಮನೆಬಳಕೆಗೆ ಉಚಿತ. ಅದನ್ನು ಶುರು ಮಾಡಿ, ರೆಕಾರ್ಡಿಂಗ್ ಕೂಡ ಹಚ್ಚಿ, ಹತ್ತು ನಿಮಿಷ ಬಿಡಿ. ಆಮೇಲೆ ಡ್ರೈವರ್ಸ್ ಪುಟದಲ್ಲಿ ಯಾರು ಹೆಚ್ಚು ಹೊತ್ತು ಹಿಡಿದಿದ್ದಾರೆ ನೋಡಿ. ಎನ್‌ಡಿಐಎಸ್ ಎಂಬ ಹೆಸರು ಮೇಲಿದ್ದರೆ ಅದು ನೆಟ್‌ವರ್ಕ್, ಹೆಚ್ಚಾಗಿ ವೈಫೈ. ಎಸಿಪಿಐ ಇದ್ದರೆ ಬ್ಯಾಟರಿ ಮತ್ತು ಪವರ್ ನೋಡಿಕೊಳ್ಳುವ ಭಾಗ. ಡಿಎಕ್ಸ್‌ಜಿ ಎಂದು ಶುರುವಾಗುವ ಹೆಸರು ಗ್ರಾಫಿಕ್ಸ್‌ನದು.

ವೈಫೈ ಮೇಲೆಯೇ ಮೊದಲ ಅನುಮಾನ ಇರಲಿ. ಡಿವೈಸ್ ಮ್ಯಾನೇಜರ್ ತೆರೆದು ವೈಫೈ, ಬ್ಲೂಟೂತ್ ಎರಡನ್ನೂ ಡಿಸೇಬಲ್ ಮಾಡಿ ಮತ್ತೆ ಪರೀಕ್ಷಿಸಿ. ಎಷ್ಟೋ ಯಂತ್ರಗಳಲ್ಲಿ ತೊಂದರೆ ಇಲ್ಲಿಗೇ ಮುಗಿಯುತ್ತದೆ. ಗ್ರಾಫಿಕ್ಸ್ ಆದರೆ ಅದರ ಡ್ರೈವರ್ ಬದಲಿಸಿ ನೋಡಿ. ಕೆಲವೊಮ್ಮೆ ಹೊಸದಕ್ಕಿಂತ ಹಳೆಯ ಡ್ರೈವರೇ ಹಳೆ ಕಾರ್ಡ್‌ಗೆ ಹೊಂದುತ್ತದೆ.

ನನ್ನ ಸಲಹೆ ಕೇಳಿದರೆ, ರೆಕಾರ್ಡಿಂಗ್ ಕಂಪ್ಯೂಟರ್‌ಗೆ ಇಂಟರ್‌ನೆಟ್ಟೇ ಬೇಡ. ವಿಂಡೋಸ್ 10ರ ಮಾಮೂಲಿ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಎಷ್ಟೋ ಹಳೆ ಯಂತ್ರಗಳಿಗೆ ವಿಂಡೋಸ್ 11 ಹತ್ತುವುದಿಲ್ಲ. ನೆಟ್ ಇಲ್ಲದೆ, ಬರೀ ಹಾಡಿಗೆ ಎಂದು ಇಟ್ಟರೆ ಅಂಥ ಯಂತ್ರ ಇನ್ನೂ ಬಹಳ ಕಾಲ ಬಾಳುತ್ತದೆ. ಪೆನ್‌ಡ್ರೈವ್ ಮಾತ್ರ ಬೇರೆ ಕಂಪ್ಯೂಟರ್‌ನಲ್ಲಿ ವೈರಸ್ ನೋಡಿಯೇ ಹಾಕಿ.

ಪವರ್ ಮತ್ತು ಯುಎಸ್‌ಬಿ

ವಿಂಡೋಸ್ ಕರೆಂಟ್ ಉಳಿಸಲು ಪ್ರೊಸೆಸರನ್ನು ಆಗಾಗ ನಿಧಾನ ಮಾಡುತ್ತದೆ, ಯುಎಸ್‌ಬಿಯನ್ನು ಮಲಗಿಸುತ್ತದೆ. ಪವರ್ ಆಪ್ಷನ್ಸ್‌ನಲ್ಲಿ ಹೈ ಪರ್ಫಾರ್ಮೆನ್ಸ್ ಆರಿಸಿ. ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಒಳಗೆ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬುದನ್ನು ಡಿಸೇಬಲ್ ಮಾಡಿ. ಇಂಟರ್‌ಫೇಸನ್ನು ಡೆಸ್ಕ್‌ಟಾಪ್‌ನ ಹಿಂಬದಿಯ ಪೋರ್ಟ್‌ಗೆ ನೇರವಾಗಿ ಹಾಕಿ. ಹಬ್ ಬೇಡ.

ನಮ್ಮ ಬಿಸಿಲು

ರೆಕಾರ್ಡಿಂಗ್ ಶುರುವಾದಾಗ ಎಲ್ಲ ಸರಿ, ಅರ್ಧ ಗಂಟೆ ಕಳೆದ ಮೇಲೆ ಕರಕರ. ಹೀಗಿದ್ದರೆ ಶಾಖದ ಕಡೆ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುವುದು ಹೊಸದೇನಲ್ಲ. ಅದರ ಮೇಲೆ, ಮೈಕ್ ಸದ್ದು ಹಿಡಿಯುತ್ತದೆ ಎಂದು ಫ್ಯಾನು, ಕೂಲರ್ ಬಂದ್ ಮಾಡುತ್ತೇವೆ. ಹೊರಗಿನ ಗದ್ದಲ ಬೇಡ ಎಂದು ಕಿಟಕಿ ಮುಚ್ಚುತ್ತೇವೆ. ಹತ್ತು ಜನ ಕೂತ ಕೋಣೆ ಕುದಿಯತೊಡಗುತ್ತದೆ. ಪ್ರೊಸೆಸರ್ ತೀರ ಬಿಸಿಯಾದರೆ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸಿಕೊಳ್ಳುತ್ತದೆ. ಆಗ ಬಫರ್ ಬರಿದಾಗುತ್ತದೆ.

ಎಚ್‌ಡಬ್ಲ್ಯುಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿ ಪ್ರೊಸೆಸರ್ ಶಾಖ ನೋಡಿ. 90 ಡಿಗ್ರಿ ದಾಟುತ್ತಿದ್ದರೆ ಡಬ್ಬ ಬಿಚ್ಚುವ ಹೊತ್ತು ಬಂದಿದೆ. ಕರೆಂಟ್ ತೆಗೆದು, ಬ್ಲೋವರ್‌ನಿಂದ ಧೂಳು ಹಾರಿಸಿ. ಆಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ, ಗಾಳಿಗೆ ಅತಿ ವೇಗದಲ್ಲಿ ತಿರುಗಿದರೆ ಹಾಳಾಗುತ್ತದೆ. ಕಪ್ಪು ಮಣ್ಣಿನ ಧೂಳು ನಯವಾಗಿರುತ್ತದೆ, ಹೀಟ್‌ಸಿಂಕ್‌ನ ಸಂದಿಯಲ್ಲಿ ಮೆತ್ತಿಕೊಂಡು ಕೂರುತ್ತದೆ. ವರ್ಷಗಟ್ಟಲೆ ಮುಟ್ಟದ ಯಂತ್ರವಾದರೆ ಪ್ರೊಸೆಸರ್‌ಗೂ ಹೀಟ್‌ಸಿಂಕ್‌ಗೂ ನಡುವಿನ ಥರ್ಮಲ್ ಪೇಸ್ಟ್ ಒಣಗಿರುತ್ತದೆ, ಹೊಸದಾಗಿ ಹಚ್ಚಿಸಿ. ಬೇಸಿಗೆಯಲ್ಲಿ ಹಾಡಿಗೆ ಬೆಳಗಿನ ಹೊತ್ತೇ ಒಳ್ಳೆಯದು. ಹಾಡುವವರ ಗಂಟಲಿಗೂ ಅದೇ ಹಿತ.

ಗುಂಯ್ ಎನ್ನುವ ಸದ್ದಿಗೆ

ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುತ್ತದೆ, ಅಂದರೆ 50 ಹರ್ಟ್ಸ್. ಅರ್ಥಿಂಗ್ ಸರಿ ಇಲ್ಲದಿದ್ದರೆ, ಅಥವಾ ಉಪಕರಣಗಳು ಬೇರೆ ಬೇರೆ ಪ್ಲಗ್‌ನಲ್ಲಿದ್ದರೆ ಅದೇ 50, 100ರ ಗುಂಯ್‌ಕಾರ ಮೈಕಿನ ಹಾದಿಗೆ ಸೇರುತ್ತದೆ. ಲ್ಯಾಪ್‌ಟಾಪ್ ಆದರೆ ಪರೀಕ್ಷೆ ಸುಲಭ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಸದ್ದು ಮಾಯವಾದರೆ ಮೂಲ ಕರೆಂಟಿನ ಕಡೆಯೇ. ಎಲ್ಲ ಉಪಕರಣಗಳನ್ನೂ ಒಂದೇ ಬೋರ್ಡಿಗೆ ಹಾಕಿ. ಇನ್ವರ್ಟರ್ ಮೇಲೆ ನಡೆಯುವಾಗ ಮಾತ್ರ ಸದ್ದು ಬಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬಹುದು. ಧ್ವನಿಯ ಕೆಲಸಕ್ಕೆ ಪ್ಯೂರ್ ಸೈನ್ ವೇವ್ ಬೇಕು.

ಸದ್ದು ಹೋಗುತ್ತದೆ ಎಂದು ಮೂರು ಪಿನ್‌ನ ಪ್ಲಗ್‌ನಿಂದ ಅರ್ಥ್ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಾಡುವವರ ತುಟಿ ಮೈಕಿನ ಲೋಹಕ್ಕೆ ತಾಗುತ್ತಿರುತ್ತದೆ, ಶಾಕ್ ಹೊಡೆದರೆ ಜೀವಕ್ಕೇ ಅಪಾಯ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೆ ನೀರು ಹಾಕಿಸಿ, ಎಲೆಕ್ಟ್ರಿಷಿಯನ್‌ನಿಂದ ಒಮ್ಮೆ ಪರೀಕ್ಷೆ ಮಾಡಿಸಿ.

ಡಿಸ್ಕ್

24 ಬಿಟ್, 48,000ದಲ್ಲಿ ಒಂದು ಮೈಕ್‌ಗೆ ನಿಮಿಷಕ್ಕೆ 8.6 ಎಂಬಿ ಆಗುತ್ತದೆ. ನಾಲ್ಕು ಮೈಕ್ ಅಂದರೆ ಗಂಟೆಗೆ ಸುಮಾರು 2 ಜಿಬಿ. ಹಳೆ ಹಾರ್ಡ್ ಡಿಸ್ಕ್ ಕೂಡ ಇದನ್ನು ಆರಾಮಾಗಿ ಬರೆಯುತ್ತದೆ. ಡಿಸ್ಕ್ ಸಾಯುವ ಹಂತಕ್ಕೆ ಬಂದಿದ್ದರೆ ಮಾತ್ರ ಅಡಚಣೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ನೋಡಿ. ಹಳದಿ ಬಣ್ಣದಲ್ಲಿ ಕಾಷನ್ ಎಂದು ತೋರಿಸಿದರೆ ಅದರ ಮೇಲೆ ಇನ್ನೊಂದು ಹಾಡನ್ನೂ ಬರೆಯಬೇಡಿ.

ಕೇಳುವಾಗ ಮಾತ್ರ ಕರಕರ ಬಂದರೆ

ರೆಕಾರ್ಡಿಂಗ್ ಸ್ವಚ್ಛವಿದ್ದು, ಮಿಕ್ಸ್ ಮಾಡುವಾಗ ಎಡವಿದರೆ ಭಾರ ಪ್ಲಗ್‌ಇನ್‌ಗಳದ್ದು, ಅಂದರೆ ಧ್ವನಿ ತಿದ್ದಲು ಸೇರಿಸಿದ ಸಣ್ಣ ತಂತ್ರಾಂಶಗಳದ್ದು. ರಿವರ್ಬ್ (ಧ್ವನಿಗೆ ಅನುರಣನ ಕೊಡುವ ಪ್ಲಗ್‌ಇನ್) ಅನ್ನು ಟ್ರ್ಯಾಕಿಗೊಂದು ಹಾಕದೆ ಎಲ್ಲಕ್ಕೂ ಸೇರಿ ಒಂದೇ ಹಾಕಿ. ಮುಗಿದ ಟ್ರ್ಯಾಕ್‌ಗಳನ್ನು ಫ್ರೀಜ್ ಮಾಡಿ, ಪ್ಲಗ್‌ಇನ್ ಸಮೇತ ಧ್ವನಿಯಾಗಿ ಬರೆದಿಟ್ಟು ಭಾರ ಇಳಿಸುವುದು ಅದು. ರೀಪರ್, ಕ್ಯೂಬೇಸ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಎರಡರಲ್ಲೂ ಆ ಸೌಲಭ್ಯವಿದೆ.

ಇಷ್ಟಾದರೂ ಬಗೆಹರಿಯದಿದ್ದರೆ

ಗೆಳೆಯರ ಲ್ಯಾಪ್‌ಟಾಪ್ ತಂದು ಅದೇ ಇಂಟರ್‌ಫೇಸ್, ಅದೇ ಕೇಬಲ್ ಹಾಕಿ ನೋಡಿ. ತೊಂದರೆ ಅಲ್ಲಿಗೂ ಬಂದರೆ ದೋಷ ಇಂಟರ್‌ಫೇಸ್‌ನದು ಅಥವಾ ಕೇಬಲ್‌ನದು. ಬರದಿದ್ದರೆ ಕಂಪ್ಯೂಟರ್‌ನದು. ಆಗ ಮದರ್‌ಬೋರ್ಡ್ ಮೇಲಿನ ಸಣ್ಣ ಡಬ್ಬಿಯಂಥ ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ ನೋಡಿ. ಉಬ್ಬಿದ್ದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಕಡೆ ಕೈ ಪಳಗಿದ ರಿಪೇರಿಯವರಿಗೆ ಕೊಡಿ. ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಡಬ್ಬ) ಒಳಗೆ ಮಾತ್ರ ನೀವೇ ಕೈ ಹಾಕಬೇಡಿ, ಕರೆಂಟ್ ತೆಗೆದ ಮೇಲೂ ಅದರಲ್ಲಿ ಶಾಕ್ ಉಳಿದಿರುತ್ತದೆ. ದುಡ್ಡು ಖರ್ಚು ಮಾಡಲೇಬೇಕು ಅಂದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ, ಆಮೇಲೆ ರ್‍ಯಾಮ್. ಹೊಸ ಕಂಪ್ಯೂಟರ್ ಕೊನೆಗೆ.

ಮೇಳದವರು ಬರುವ ದಿನ, ಅವರು ಬರುವುದಕ್ಕೆ ಒಂದು ಗಂಟೆ ಮುಂಚೆ ಎಲ್ಲ ಮೈಕ್ ಹಚ್ಚಿ. ಮೊಬೈಲ್‌ನಲ್ಲಿ ತಂಬೂರಿ ಶ್ರುತಿ ಹಾಕಿ ಮೈಕಿನ ಮುಂದಿಡಿ. ಅದು ಏರೋಪ್ಲೇನ್ ಮೋಡ್‌ನಲ್ಲಿರಲಿ. ಮೂವತ್ತು ನಿಮಿಷ ರೆಕಾರ್ಡ್ ಮಾಡಿ. ತಂಬೂರಿಯ ಎಡೆಬಿಡದ ನಾದದಲ್ಲಿ ಸಣ್ಣ ಟಕ್ ಕೂಡ ಅಡಗಿ ಕೂರಲಾರದು. ಹೆಡ್‌ಫೋನ್ ಹಾಕಿ ಕೊನೆಯ ಹತ್ತು ನಿಮಿಷ ಪೂರ್ತಿ ಕೇಳಿ, ಬಿಸಿಯಾದ ಮೇಲೆ ಬರುವ ತೊಂದರೆ ಇರುವುದು ಅಲ್ಲೇ.