ವಾಕ್ಯದ ಬಾಲ ನೋಡಿ: ಕಥೆಯ ಓಟ ತಿದ್ದುವುದು ಹೇಗೆ?

ಕಥೆ ಬರೆದು ಮುಗಿಸಿದ್ದೀರಿ. ಘಟನೆ ಚೆನ್ನಾಗಿದೆ, ಪಾತ್ರಗಳಿಗೂ ಜೀವವಿದೆ. ಆದರೂ ಓದುವಾಗ ಯಾಕೋ ವರದಿ ಓದಿದ ಹಾಗಾಗುತ್ತದೆ. ಎಷ್ಟೋ ಸಲ ಈ ತೊಂದರೆ ಇರುವುದು ವಾಕ್ಯಗಳ ತುದಿಯಲ್ಲಿ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಹಾಗಾಗಿ ಬೇಸರ ತರಿಸುವ ಒಂದೇ ರಾಗವೂ ಅಲ್ಲೇ ಬಂದು ಕೂರುತ್ತದೆ.

ಮೊದಲು ಒಂದು ಪುಟ ತೆಗೆದುಕೊಳ್ಳಿ. ಪ್ರತಿ ವಾಕ್ಯದ ಕೊನೆಯ ಪದಕ್ಕೆ ಮಾತ್ರ ಪೆನ್ಸಿಲಿನಲ್ಲಿ ಗೆರೆ ಹಾಕಿ. ಆ ಪದಗಳನ್ನಷ್ಟೇ ಜೋರಾಗಿ ಓದಿ. ಆ ಪುಟ ಹೀಗಿದೆ ಅಂದುಕೊಳ್ಳಿ:

"ಸುಬ್ಬಣ್ಣ ಬಸ್ಸಿನಿಂದ ಇಳಿದ. ಅವನು ಮನೆಯ ಕಡೆ ನಡೆದ. ಅವನು ಬಾಗಿಲು ತಟ್ಟಿದ. ಅವ್ವ ಬಾಗಿಲು ತೆಗೆದಳು. ಅವಳು ಮಗನನ್ನು ನೋಡಿದಳು."

ಇಳಿದ, ನಡೆದ, ತಟ್ಟಿದ, ತೆಗೆದಳು, ನೋಡಿದಳು. ಕೇಳಿಸಿತು ಅಲ್ವಾ? ಈಗ ಬಾಲಗಳನ್ನು ಬದಲಿಸಿ ನೋಡೋಣ:

"ಬಸ್ಸಿಳಿದು ಮನೆಯ ದಾರಿ ಹಿಡಿದಾಗ ಕತ್ತಲಾಗಿತ್ತು. ಸುಬ್ಬಣ್ಣ ಬಾಗಿಲು ತಟ್ಟಿದ. ಒಳಗೆ ಬಳೆಯ ಸದ್ದು. ಚಿಲಕ ಸರಿಸಿದ ಅವ್ವ ಏನೂ ಕೇಳದೆ ಮಗನನ್ನೇ ನೋಡುತ್ತ ನಿಂತಳು."

"ಇಳಿದು" ಎಂದಾಗ ಒಂದು ಕೆಲಸ ಮುಂದಿನದರ ಕೈ ಹಿಡಿಯಿತು. "ಒಳಗೆ ಬಳೆಯ ಸದ್ದು" ಎಂಬಲ್ಲಿ ಕ್ರಿಯಾಪದವೇ ಇಲ್ಲ. ಕನ್ನಡಕ್ಕೆ ಇದು ಸಲೀಸು. ಓದುಗರು ಅಲ್ಲಿ ಒಂದು ಕ್ಷಣ ನಿಂತು ಕಿವಿಗೊಡುತ್ತಾರೆ. "ಚಿಲಕ ಸರಿಸಿದ ಅವ್ವ" ಎಂದಾಗ ಆ ಕೆಲಸಕ್ಕೆ ಬೇರೆ ವಾಕ್ಯವೇ ಬೇಕಾಗಲಿಲ್ಲ. "ಅವನು", "ಅವಳು" ತಾವಾಗಿಯೇ ಉದುರಿದವು. ನಿಂತ, ನಿಂತಳು ಎಂದರೆ ಸಾಕು, ಗಂಡೋ ಹೆಣ್ಣೋ ಗೊತ್ತಾಗುತ್ತದೆ.

ಮುಂದಿನ ಹಂತದಲ್ಲಿ ಸ್ವಲ್ಪ ಎಚ್ಚರ ಬೇಕು. "ಎದ್ದು, ಮುಖ ತೊಳೆದು, ಕಾಫಿ ಕುಡಿದು, ಚಪ್ಪಲಿ ಮೆಟ್ಟಿ ಹೊರಟ" ಎಂಬ ಸರಪಳಿ ನಮಗೆಲ್ಲ ಇಷ್ಟ. ದಿನದ ಅವಸರ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಇದನ್ನು ಓದಿ: "ಬಾಗಿಲು ತೆಗೆದು, ಹೆಣ ನೋಡಿ, ಒಳಗೆ ಬಂದು ನೀರು ಕುಡಿದ." ಕಥೆಯ ದೊಡ್ಡ ಸಂಗತಿಗೆ ಬಾಗಿಲು ತೆಗೆದಷ್ಟೇ ಬೆಲೆ ಸಿಕ್ಕಿತು. ಒತ್ತೆಲ್ಲ ನೀರು ಕುಡಿದದ್ದಕ್ಕೆ ಹೋಯಿತು. ಯಾವುದು ಮುಖ್ಯವೋ ಅದಕ್ಕೆ ಅದರದೇ ವಾಕ್ಯ ಕೊಡಿ: "ಬಾಗಿಲು ತೆಗೆದ. ಹೆಣ." ನನ್ನ ಕಥೆಗಳನ್ನು ತಿದ್ದುವಾಗ ನಾನು ಅತಿ ಹೆಚ್ಚು ಹೊತ್ತು ಕಳೆಯುವುದು ಇಲ್ಲೇ.

"ಸೇದುತ್ತಾ", "ಓದುತ್ತಾ" ಎನ್ನುವಾಗ ಎರಡು ಕೆಲಸ ಒಟ್ಟಿಗೆ ನಡೆಯಬೇಕು. ಬಾವಿಯಿಂದ ನೀರು ಸೇದುತ್ತಾ ಪತ್ರ ಓದಲಾಗದು. ಕೈ ಇರುವುದು ಎರಡೇ.

ಮಾತಿನ ನಡುವೆ ಕೈಕೆಲಸ

ಇನ್ನು ಸಂಭಾಷಣೆ. "ಎಂದ", "ಎಂದಳು" ಬಂದರೆ ಬೇಸರವಿಲ್ಲ, ಕಣ್ಣು ಅವನ್ನು ದಾಟಿಕೊಂಡು ಹೋಗುತ್ತದೆ. ಅದರ ಬದಲು "ನುಡಿದಳು, ಉಲಿದಳು, ಗುಡುಗಿದ" ಎಂದು ಹುಡುಕಿ ಹಾಕಿದರೆ ಕಣ್ಣಿಗೆ ಚುಚ್ಚುತ್ತದೆ. ಎಷ್ಟೋ ಕಡೆ ಏನೂ ಬೇಡ. "ಅವ್ವಾ" ಎಂದು ಕರೆದ ಕೂಡಲೇ ಯಾರ ಮಾತೆಂದು ತಿಳಿಯುತ್ತದೆ. ಉಳಿದ ಕಡೆ ಪಾತ್ರದ ಕೈಗೆ ಏನಾದರೂ ಕೆಲಸ ಕೊಡಿ:

"ಹೊಲ ಮಾರೋಣ ಅಂತಿದೀನಿ."

ಅವ್ವ ಮೊರದ ಅಕ್ಕಿಯಿಂದ ಒಂದು ಕಲ್ಲು ಆರಿಸಿ ಎಸೆದಳು. "ಊಟ ಆಯ್ತಾ?"

"ಅವ್ವಾ, ನಾನು ಹೇಳಿದ್ದು ಕೇಳಿಸ್ತಾ?"

"ಸಾರು ಬಿಸಿ ಮಾಡ್ತೀನಿ." ಮೊರ ಕೆಳಗಿಟ್ಟಳು. ಏಳಲಿಲ್ಲ.

"ಬೇಸರದಿಂದ" ಎಂಬ ಪದ ಎಲ್ಲೂ ಇಲ್ಲ. ಬಾಯಿ ಒಂದು ಹೇಳುತ್ತಿದೆ, ಮೈ ಇನ್ನೊಂದು ಹೇಳುತ್ತಿದೆ. ಆ ಕಲ್ಲು ಎಸೆಯುವಷ್ಟು ಹೊತ್ತು ಮೌನವೂ ಬಂತು. ಸುಬ್ಬಣ್ಣನಿಗೆ ಉತ್ತರವೂ ಸಿಕ್ಕಿತು.

ಈ ಕೆಲಸ ಆ ಮನೆಯದೇ ಆಗಿರಬೇಕು. ತಲೆಯಾಡಿಸಿದ, ನಿಟ್ಟುಸಿರು ಬಿಟ್ಟ, ಮುಗುಳ್ನಕ್ಕಳು: ಇವು ಯಾವ ಕಥೆಗಾದರೂ ಹೊಂದುತ್ತವೆ, ಅದೇ ಅವುಗಳ ತೊಂದರೆ. ನಿಮ್ಮ ಕಥೆಯಲ್ಲಿ ಇವು ಎಷ್ಟಿವೆ ಎಣಿಸಿ. ಪಾತ್ರ ದರ್ಜಿಯಾದರೆ ಸೂಜಿಗೆ ದಾರ ಪೋಣಿಸಲಿ, ಕಂಡಕ್ಟರ್ ಆದರೆ ಚಿಲ್ಲರೆ ಎಣಿಸಲಿ. ಆದರೆ ಪ್ರತಿ ಮಾತಿಗೂ ಇದನ್ನು ಸೇರಿಸಬೇಡಿ. ಜಗಳ ಏರಿದಾಗ ಬರೀ ಮಾತು ಸಾಕು. ಅಲ್ಲಿ ಯಾರೂ ಲೋಟ ಎತ್ತಿಡುತ್ತ ಕೂರುವುದಿಲ್ಲ.

ಕೊನೆಗೆ ಕಥೆಯನ್ನು ಬೇರೆಯವರಿಂದ ಜೋರಾಗಿ ಓದಿಸಿ. ನೀವು ಸುಮ್ನೆ ಕೂತು ಕೇಳಿ. ಓದುವವರು ಎಡವಿದಲ್ಲಿ ಒಂದು ಗುರುತು, ದನಿ ಜೋಲು ಬಿದ್ದಲ್ಲಿ ಇನ್ನೊಂದು ಗುರುತು ಹಾಕಿ. ಮಾರನೇ ದಿನ ಆ ಗುರುತುಗಳಿಂದಲೇ ತಿದ್ದಲು ಶುರು ಮಾಡಿ.