ಹಳೇ ಕಾರಿಗೆ ಹೊಸ ಗ್ರಾಮೆಟ್, ಬಫರ್ ಕೂರಿಸುವುದು

ಗ್ರಾಮೆಟ್ ಎಂದರೆ ವೈರ್ ಹಾಯುವ ತಗಡಿನ ತೂತಿನ ಅಂಚಿಗೆ ಕೂರಿಸುವ ರಬ್ಬರ್ ಬಳೆ. ಅದನ್ನು ಕೊಳ್ಳಲು ಮೂರು ಅಳತೆ ಬೇಕು: ತಗಡಿನ ತೂತಿನ ವ್ಯಾಸ, ತಗಡಿನ ದಪ್ಪ, ಒಳಗೆ ಹಾಯುವ ವೈರ್ ಕಟ್ಟಿನ ದಪ್ಪ. ಹಳೇ ರಬ್ಬರನ್ನು ಅಳೆದು ನಂಬಬೇಡಿ. ಅದು ಒಣಗಿ ಕುಗ್ಗಿರುತ್ತದೆ, ಇಲ್ಲವೇ ಎಣ್ಣೆ ಕುಡಿದು ಊದಿರುತ್ತದೆ. ಕ್ಯಾಲಿಪರ್ ಅನ್ನು ತೂತಿಗೇ ಹಿಡಿಯಿರಿ, ಅದೂ ಪೇಂಟ್ ಆದ ಮೇಲೆ.

ಹೊಸ ಗ್ರಾಮೆಟ್ ಹರಿಯುವುದು ಹೆಚ್ಚಾಗಿ ತೂತಿನ ಅಂಚಿನಿಂದ. ತುಕ್ಕು ತಿಂದ ಅಂಚು ಗರಗಸವಿದ್ದಂತೆ. ದುಂಡು ಅರದಿಂದ ಉಜ್ಜಿ, ಬೆರಳಾಡಿಸಿದರೆ ತರಚದಷ್ಟು ನುಣುಪಾದ ಮೇಲೆ ಪ್ರೈಮರ್, ಪೇಂಟ್ ಹಚ್ಚಿ. ಪೂರ್ತಿ ಒಣಗದಿದ್ದರೆ ರಬ್ಬರ್ ಪೇಂಟಿಗೆ ಅಂಟಿಕೊಂಡು, ಮುಂದೆ ತೆಗೆಯುವಾಗ ಕಿತ್ತುಕೊಂಡೇ ಬರುತ್ತದೆ.

ವೈರಿನ ತುದಿಗೆ ಟರ್ಮಿನಲ್ ಒತ್ತುವ ಮೊದಲೇ ಗ್ರಾಮೆಟ್ ಪೋಣಿಸಿ. ಇದನ್ನು ಮರೆತವರು ಕೊನೆಗೆ ಗ್ರಾಮೆಟನ್ನೇ ಸೀಳಿ ಹಾಕುತ್ತಾರೆ. ಎಂಜಿನ್ ಕಡೆಯ ಗೋಡೆಯಲ್ಲಿ ಆ ಸೀಳಿನಿಂದಲೇ ನೀರು ಒಳಗಿಳಿಯುತ್ತದೆ.

ಜಾರಿಕೆಗೆ ಸೋಪಿನ ನೀರು ಸಾಕು. ಎಂಜಿನ್ ಆಯಿಲ್, ಮಾಮೂಲಿ ಗ್ರೀಸ್, ವ್ಯಾಸಲೀನ್ ಬೇಡವೇ ಬೇಡ: ನೈಸರ್ಗಿಕ ರಬ್ಬರ್, ಇಪಿಡಿಎಂ ಎಂಬ ಕೃತಕ ರಬ್ಬರ್ ಎರಡೂ ಪೆಟ್ರೋಲಿಯಂ ಎಣ್ಣೆಗೆ ಊದಿ ಮೆತ್ತಗಾಗುತ್ತವೆ. ಸಿಲಿಕೋನ್ ಗ್ರೀಸ್ ಆಗಬಹುದು, ಆದರೆ ಪೇಂಟ್ ಬಾಕಿ ಇರುವ ಗಾಡಿಯ ಹತ್ತಿರ ತರಬೇಡಿ; ಅದರ ಪಸೆ ತಗುಲಿದಲ್ಲೆಲ್ಲ ಪೇಂಟ್ ಕುಳಿ ಬೀಳುತ್ತದೆ.

ಬಿರುಸಾದ ರಬ್ಬರನ್ನು ಕೈ ತಾಳುವಷ್ಟು ಬಿಸಿನೀರಿನಲ್ಲಿ ಐದು ನಿಮಿಷ ನೆನೆಸಿ, ಬಿಸಿ ಆರುವ ಮುನ್ನ ಕೆಲಸ ಮುಗಿಸಿ. ಗ್ರಾಮೆಟನ್ನು ಓರೆಯಾಗಿ ಹಿಡಿದು ಒಂದು ಬದಿಯ ತೋಡನ್ನು ತೂತಿನ ಅಂಚಿಗೆ ಸಿಕ್ಕಿಸಿ, ಹೆಬ್ಬೆರಳಿನಿಂದ ಒತ್ತಿಹಿಡಿಯಿರಿ. ಉಳಿದ ತುಟಿಯನ್ನು ಮೊಂಡು ಪ್ಲಾಸ್ಟಿಕ್ ಪಟ್ಟಿಯಿಂದ ಸ್ವಲ್ಪಸ್ವಲ್ಪವೇ ಸುತ್ತ ಒಳಗೆ ತಳ್ಳುತ್ತ ಬನ್ನಿ. ಸ್ಕ್ರೂಡ್ರೈವರ್ ಹಾಕಿದರೆ ತುಟಿ ಸೀಳುತ್ತದೆ, ಪೇಂಟೂ ಹೋಗುತ್ತದೆ. ಕೊನೆಗೆ ಗ್ರಾಮೆಟ್ ಒಂದು ಸುತ್ತು ತಿರುಗಬೇಕು. ಎಲ್ಲಾದರೂ ತಡೆದರೆ ಅಲ್ಲಿ ತುಟಿ ಮಡಚಿದೆ ಎಂದರ್ಥ.

ಬಫರ್ ಎಂದರೆ ಬಾಗಿಲು, ಬಾನೆಟ್ ಮುಚ್ಚುವಾಗ ಬಡಿತ ತಡೆಯುವ ರಬ್ಬರ್ ಗುಬ್ಬಿ. ಬಾಲವಿರುವ ಬಾಗಿಲ ಬಫರನ್ನು ಹಿಂದಿನಿಂದ ನೇರಕ್ಕೆ ಎಳೆಯಿರಿ. ಓರೆಗೆ ಎಳೆದರೆ ಕತ್ತಿನ ಹತ್ತಿರ ತುಂಡಾಗುತ್ತದೆ. ಟಕ್ಕೆಂದು ಕೂತ ಮೇಲಷ್ಟೇ ಬಾಲ ಕತ್ತರಿಸಿ, ಅದೂ ಬುಡಕ್ಕೆ ಅಲ್ಲ.

ಬಾನೆಟ್ಟಿನ ತಿರುಪಿನ ಬಫರುಗಳನ್ನು ಮೊದಲು ಪೂರ್ತಿ ಕೆಳಗಿಳಿಸಿ, ಆಮೇಲೆ ಬಾನೆಟ್ ಹಾಕಿ. ಎರಡೂ ಬದಿ ಬಫರಿನ ಮೇಲೆ ಕಾಗದದ ಪಟ್ಟಿ ಇಟ್ಟು ಮುಚ್ಚಿ ಎಳೆದು ನೋಡಿ. ಸಡಿಲವಾಗಿ ಬಂದರೆ ಅರ್ಧರ್ಧ ಸುತ್ತು ಮೇಲೆತ್ತಿ, ಎರಡೂ ಕಡೆ ಒಂದೇ ಬಿಗಿ ಬರುವವರೆಗೆ.